ಪೋಲೋಗೆ ಅಲಾಯ್ ವ್ಹೀಲ್: 17 ಇಂಚಾ, 16 ಇಂಚಾ? ಮೂರು ಸೆಟ್ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಈಗ ಓಡುತ್ತಿರುವುದು ಇನ್ನೊಂದು ಪೋಲೋದಿಂದ ಇಳಿಸಿದ 16 ಇಂಚಿನ ಅಲಾಯ್ ಮೇಲೆ. ಕಂಪನಿಯದ್ದೇ, ಸೆಕೆಂಡ್ ಹ್ಯಾಂಡ್. ಉಡುಪಿಯ ಒಬ್ಬರಿಂದ ಟಯರ್ ಬಿಟ್ಟು 22 ಸಾವಿರಕ್ಕೆ ತಗೊಂಡೆ. ಅದಕ್ಕಿಂತ ಮೊದಲು ಹೊಸ 17 ಇಂಚಿನ ಸೆಟ್‌ಗೆ ಟಯರ್ ಸೇರಿ 70 ಸಾವಿರದ ಹತ್ತಿರ ಸುರಿದಿದ್ದೆ. ಅದು ಐದು ತಿಂಗಳು ಇತ್ತು. ಆ ಐದು ತಿಂಗಳಲ್ಲಿ ಕಲಿತದ್ದನ್ನು ಬರೆಯಲೇಬೇಕು ಅನ್ನಿಸಿತು, ಯಾಕೆಂದರೆ ಇದು ಚಕ್ರ ಕಳಚಿ ಬೀಳಬಹುದಾದ ವಿಷಯ.

ನನ್ನದು 2014ರ ಕಾರು. ಬಂದಾಗ 15 ಇಂಚು, 185/60 ಟಯರ್ (ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 60). ಓಡಿಸಲು ಏನೂ ತೊಂದರೆ ಇರಲಿಲ್ಲ. ಆದರೆ ಎಂಜಿನ್‌ಗೆ ಇರುವ ಗತ್ತು ಚಕ್ರದಲ್ಲಿ ಕಾಣುತ್ತಿರಲಿಲ್ಲ. ದುಬೈಯಲ್ಲಿರುವ ನನ್ನ ದೊಡ್ಡಪ್ಪನ ಮಗ ಮಸ್ಟಾಂಗ್ ಜಿಟಿ ಇಟ್ಟಿದ್ದಾನೆ, 5 ಲೀಟರಿನ ವಿ8. ಅದಕ್ಕೆ 20 ಇಂಚಿನ ಕಪ್ಪು ವ್ಹೀಲ್ ಹಾಕಿಸಿ ಫೋಟೋ ಕಳಿಸಿದ್ದ. ಅದನ್ನು ನೋಡಿದ ವಾರವೇ ನಾನು ಅಂಗಡಿ ಅಂಗಡಿ ತಿರುಗಲು ಶುರು ಮಾಡಿದೆ.

ಅಂಗಡಿಯಲ್ಲಿ ಇಷ್ಟವಾದದ್ದು 17 ಇಂಚು, ಏಳೂವರೆ ಇಂಚು ಅಗಲ, ಆಫ್‌ಸೆಟ್ (ವ್ಹೀಲ್ ಎಷ್ಟು ಒಳಗೆ ಕೂರುತ್ತದೆ ಅನ್ನುವ ಅಳತೆ) 35. ಹೆಸರಾಂತ ವಿನ್ಯಾಸವೊಂದರ ನಕಲು. 205/45 ಟಯರ್. ಚಂದ ಅಂದರೆ ಚಂದ, ಅದರಲ್ಲಿ ಎರಡು ಮಾತಿಲ್ಲ. ಪಿಸಿಡಿ, ಅಂದರೆ ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಅವು ಇರುವ ವೃತ್ತದ ವ್ಯಾಸ, 5×100 ಸರಿ ಇತ್ತು. ನಡುವಿನ ತೂತು 73.1 ಮಿಲಿಮೀಟರ್, ಪೋಲೋದ ಹಬ್ (ಕಾರಿನಲ್ಲಿ ಚಕ್ರ ಕೂರುವ ನಡುವಿನ ಭಾಗ) 57.1. ಹಾಗಾಗಿ ನಡುವೆ ಹಬ್ ರಿಂಗ್ ಬೇಕು. ಅದು ಡಬ್ಬದಲ್ಲೇ ಬಂದಿತ್ತು, ಪ್ಲಾಸ್ಟಿಕ್‌ನದ್ದು. ಹಾಕಿದ್ದನ್ನು ಕಣ್ಣಾರೆ ನೋಡಿದೆ. ಇಷ್ಟು ನೋಡಿದ ಮೇಲೆ ಎಲ್ಲ ಸರಿಯಾಗಿದೆ ಅಂತಲೇ ಅಂದುಕೊಂಡೆ.

ನೋಡದೆ ಬಿಟ್ಟದ್ದು ಬೋಲ್ಟ್.

ಸುರತ್ಕಲ್‌ನಿಂದ ಮಣಿಪಾಲಕ್ಕೆ ನಾನು ದಿನಾ ಹೋಗಿ ಬರುವವನು. ಹಾಕಿಸಿದ ಎರಡನೇ ವಾರ, ಮೂಲ್ಕಿ ದಾಟಿದ ಮೇಲೆ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗಲು ಶುರುವಾಯಿತು. ಅಂಗಡಿಗೆ ಹೋದೆ. ಬ್ಯಾಲೆನ್ಸಿಂಗ್ ಮಾಡಿದರು. ನಾಲ್ಕು ದಿನ ಸರಿ ಇತ್ತು, ಮತ್ತೆ ನಡುಕ. ಮತ್ತೆ ಬ್ಯಾಲೆನ್ಸಿಂಗ್, ಜೊತೆಗೆ ಅಲೈನ್‌ಮೆಂಟ್. ಮೂರನೇ ಸಲ ಹೋದಾಗ ಟಯರ್‌ನಲ್ಲೇ ದೋಷ ಇರಬೇಕು ಅಂದರು. ಹೊಸ ಟಯರ್! ಪ್ರತಿ ಸಲ ಚಕ್ರ ಬಿಚ್ಚಿ ಹಾಕುವಾಗ ಗನ್‌ನಲ್ಲಿ ಬೋಲ್ಟ್ ಬಿಗಿ ಮಾಡುತ್ತಿದ್ದರು. ನಾಲ್ಕು ದಿನ ಸರಿ ಇರುತ್ತಿದ್ದದ್ದು ಅದರಿಂದ ಅಂತ ಆಮೇಲೆ ಗೊತ್ತಾಯಿತು.

ಒಂದು ಸಂಜೆ ಕಟಪಾಡಿ ಹತ್ತಿರ ನಿಧಾನಕ್ಕೆ ಹೋಗುವಾಗ ಮುಂದಿನ ಎಡಗಡೆಯಿಂದ ಟಕ್ ಟಕ್ ಶಬ್ದ. ಪಡುಬಿದ್ರಿಯಲ್ಲಿ ಒಬ್ಬರು ಹಳೆಯ ಮೆಕ್ಯಾನಿಕ್ ಇದ್ದಾರೆ, ಮೊದಲು ನನ್ನ ತಂದೆಯ ಕಾರು ನೋಡುತ್ತಿದ್ದವರು. ಸೀದಾ ಅಲ್ಲಿಗೆ ಹೋದೆ. ಅವರು ಸ್ಪಾನರ್ ಹಾಕಿದರು. ಐದರಲ್ಲಿ ಎರಡು ಬೋಲ್ಟ್ ಬಲ ಹಾಕದೆಯೇ ತಿರುಗಿತು. ನನಗೆ ಕೈಕಾಲು ತಣ್ಣಗಾಯಿತು. ಹಿಂದಿನ ಭಾನುವಾರವಷ್ಟೇ ಹೆಂಡತಿ ಮಗಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಬಂದಿದ್ದೆ.

“ಇದು ಬ್ಯಾಲೆನ್ಸಿಂಗಿನ ವಿಷಯವೇ ಅಲ್ಲ ಮಾರಾಯ್ರೆ. ಬೋಲ್ಟ್ ಕೂತದ್ದೇ ಇಲ್ಲ ಇದರಲ್ಲಿ,” ಅಂದರು. ಹೇಗೆ ಅಂತ ಕೇಳಿದಾಗ ಬೋಲ್ಟಿನ ತಲೆಯ ಕೆಳಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದರು. ಹಾಕಿ, ಬಿಗಿ ಮಾಡಿ, ಮತ್ತೆ ಬಿಚ್ಚಿ ತೋರಿಸಿದರು. ಸುತ್ತಲೂ ಕೂದಲೆಳೆಯಷ್ಟು ದಪ್ಪದ ಒಂದು ಗೆರೆ ಮಾತ್ರ ಉಜ್ಜಿತ್ತು, ಉಳಿದ ಕಪ್ಪು ಹಾಗೇ ಇತ್ತು. ಆಮೇಲೆ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ತೆಗೆದು ಅದರಲ್ಲಿ ಇದೇ ಪರೀಕ್ಷೆ ಮಾಡಿದರು. ಈ ಸಲ ಕಪ್ಪು ಪೂರ್ತಿ ಅಳಿಸಿಹೋಯಿತು.

ವಿಷಯ ಇಷ್ಟೇ. ಪೋಲೋ ಮತ್ತು ಅದೇ ಕಂಪನಿಯ ವೆಂಟೋ ಕಾರಿನ ಕಂಪನಿ ಬೋಲ್ಟಿನ ತಲೆಯ ಕೆಳಭಾಗ ಗೋಲಿಯ ಹಾಗೆ ದುಂಡಗಿರುತ್ತದೆ. ಅದಕ್ಕೆ ಬಾಲ್ ಸೀಟ್ ಅನ್ನುತ್ತಾರೆ. ಕಂಪನಿ ವ್ಹೀಲ್‌ನಲ್ಲಿ ಅದು ಕೂರುವ ಜಾಗವೂ ಬಟ್ಟಲಿನ ಹಾಗೆ. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ ಆ ಜಾಗ ಲಾಳಿಕೆಯ ಹಾಗೆ, 60 ಡಿಗ್ರಿಯ ಕೋನ್ ಸೀಟ್. ಲಾಳಿಕೆಯಲ್ಲಿ ಗೋಲಿ ಇಟ್ಟರೆ ಒಂದು ಗೆರೆ ಮಾತ್ರ ತಾಗುತ್ತದೆ, ಅಲ್ವಾ? ಪೂರ್ತಿ ಒತ್ತಡ ಆ ಗೆರೆಯ ಮೇಲೆ. ಅಲ್ಲಿ ಮೆದು ಅಲ್ಯೂಮಿನಿಯಂ ಸವೆಯುತ್ತದೆ, ಬಿಗಿ ಹೋಗುತ್ತದೆ. ಅಂಗಡಿಯವರು ನನ್ನ ಕಾರಿನ ಬೋಲ್ಟನ್ನೇ ಹೊಸ ವ್ಹೀಲ್‌ಗೆ ಹಾಕಿದ್ದರು. ಥ್ರೆಡ್ ಹಿಡಿಯಿತು, ಬಿಗಿಯಾಯಿತು, ಅಷ್ಟಕ್ಕೇ ಬಿಟ್ಟರು.

ಹಾಗಾದರೆ ಕೋನ್ ಬೋಲ್ಟ್ ತಂದರಾಯಿತು ಅಂತ ಹೊರಟೆ. ಮಂಗಳೂರಿನಲ್ಲಿ ನಾನು ಕೇಳಿದ ಕಡೆಯಲ್ಲೆಲ್ಲ ಇದ್ದದ್ದು ನಟ್. ಸುಜುಕಿಗೆ 12×1.25 (ಥ್ರೆಡ್‌ನ ದಪ್ಪ ಮತ್ತು ಸುತ್ತುಗಳ ನಡುವಿನ ಅಂತರ, ಮಿಲಿಮೀಟರ್‌ನಲ್ಲಿ), ಟೊಯೊಟಾ, ಹೋಂಡಾ, ಹ್ಯುಂಡೈಗೆ 12×1.5. ನನಗೆ ಬೇಕಾದದ್ದು 14×1.5. ದುಬೈಯ ಆ ದೊಡ್ಡಪ್ಪನ ಮಗ ಅಣ್ಣನಿಗೆ ಫೋನ್ ಮಾಡಿದೆ. “ನನ್ನದೂ ಅದೇ ಥ್ರೆಡ್ ಮಾರಾಯ, ಅದೇ ಕೋನ್. ಊರಿನ ಭೂತದ ನೇಮಕ್ಕೆ ಬರುವಾಗ ತರುತ್ತೇನೆ,” ಅಂದ. ತಂದ. 20 ಪೀಸ್, ಕ್ರೋಮ್, ಒಳ್ಳೆಯ ಮಾಲು. ಆದರೆ ಅವು ನಟ್. ಮಸ್ಟಾಂಗ್‌ನಲ್ಲಿ ಹಬ್‌ನಿಂದಲೇ ಸ್ಟಡ್ ಹೊರಗೆ ಬಂದಿರುತ್ತದೆ, ಅದಕ್ಕೆ ನಟ್ ಬಿಗಿಯುವುದು. ಪೋಲೋದಲ್ಲಿ ಸ್ಟಡ್ ಇಲ್ಲ, ಬೋಲ್ಟೇ ಹೋಗಿ ಹಬ್‌ಗೆ ಹಿಡಿಯಬೇಕು. ನಾನು ಥ್ರೆಡ್ ಹೇಳಿದ್ದೆ, ಬೋಲ್ಟ್ ಅಂತ ಹೇಳಿರಲಿಲ್ಲ. ತಪ್ಪು ನನ್ನದೇ.

ಕೊನೆಗೆ ಬೆಂಗಳೂರಿನಿಂದ ತರಿಸಿದೆ. ಉದ್ದವನ್ನೂ ನೋಡಬೇಕು. ಗಿಡ್ಡವಾದರೆ ಥ್ರೆಡ್ ಸಾಕಾಗುವುದಿಲ್ಲ, ಉದ್ದವಾದರೆ ಹಬ್ ಹಿಂದೆ ತಾಗುತ್ತದೆ. ಕೈಯಲ್ಲಿ ತಿರುಗಿಸುವಾಗ ಏಳು ಸುತ್ತಿಗಿಂತ ಕಡಿಮೆ ಹೋದರೆ ಕಾರು ಇಳಿಸಲೇಬಾರದು ಅಂತ ಪಡುಬಿದ್ರಿಯವರು ಹೇಳಿದರು. ಇನ್ನೂ ಒಂದು ಇದೆ. ಸ್ಟೆಪ್ನಿ ಕಂಪನಿಯದ್ದು, ಅದಕ್ಕೆ ಬಾಲ್ ಬೋಲ್ಟೇ ಆಗಬೇಕು. ಹಾಗಾಗಿ ಹಳೆಯ ಐದು ಬೋಲ್ಟ್ ಯಾವಾಗಲೂ ಡಿಕ್ಕಿಯಲ್ಲಿ ಇರಬೇಕು. ರಾತ್ರಿ ಗುಂಡ್ಯದ ಹತ್ತಿರ ಪಂಕ್ಚರ್ ಆಗಿ, ಮನೆಯವರು ಟಾರ್ಚ್ ಹಿಡಿದಿರುವಾಗ ಯಾವ ಬೋಲ್ಟ್ ಯಾವುದಕ್ಕೆ ಅಂತ ನೆನಪು ಮಾಡಿಕೊಳ್ಳುವ ಸ್ಥಿತಿ ನನಗೆ ಬೇಡವೇ ಬೇಡ.

ಸರಿಯಾದ ಬೋಲ್ಟ್ ಹಾಕಿದ ಮೇಲೆ ನಡುಕ ನಿಂತಿತು. ಆದರೂ 17 ಉಳಿಸಿಕೊಳ್ಳಲು ಮನಸ್ಸು ಬರಲಿಲ್ಲ. ಮನೆಯ ತೂಕದ ಮೆಷಿನ್ ಮೇಲಿಟ್ಟರೆ ಟಯರ್ ಸೇರಿ ಒಂದು ಚಕ್ರ 20 ಕೆ.ಜಿ., ಹಳೆಯ 15 ಇಂಚಿನದ್ದು ಹದಿನಾರಕ್ಕೂ ಸ್ವಲ್ಪ ಕಡಿಮೆ. ಸಿಗ್ನಲ್‌ನಿಂದ ಹೊರಡುವಾಗ ಆ ಭಾರ ಗೊತ್ತಾಗುತ್ತದೆ. ಹಿಂದೆ ಮೂವರು ಕೂತರೆ ನಂತೂರಿನ ಹತ್ತಿರ ಹೊಂಡ ಹಾರುವಾಗ ಟಯರ್ ಒಳಗೆ ಉಜ್ಜುತ್ತಿತ್ತು. ಟಯರ್‌ನ ಪಕ್ಕದ ಎತ್ತರ ಬರೀ 92 ಮಿಲಿಮೀಟರ್. ನಮ್ಮ ಮಳೆಗಾಲದ ಸರ್ವಿಸ್ ರೋಡ್‌ಗೆ ಅದು ಸಾಲದು. ವ್ಹೀಲ್ ಮೇಲೆ ಜೆಡಬ್ಲ್ಯೂಎಲ್ ಅಂತ ಜಪಾನಿನ ಗುಣಮಟ್ಟದ ಗುರುತು ಇತ್ತು, ಆದರೆ ಅದನ್ನು ತಯಾರಕರು ತಾವೇ ಹಾಕಿಕೊಳ್ಳಬಹುದು. ಹೊರಗಿನವರು ಪರೀಕ್ಷಿಸಿದ್ದಕ್ಕೆ ಇರುವ ವಿಐಎ ಗುರುತು ಅದರಲ್ಲಿ ಇರಲಿಲ್ಲ. ಮೇ ಕೊನೆಯಲ್ಲಿ ಮಾರಿದೆ. ತಗೊಂಡವರಿಗೆ ಬೋಲ್ಟಿನ ಕಥೆ ಪೂರ್ತಿ ಹೇಳಿ, ಕೋನ್ ಬೋಲ್ಟ್ 20ನ್ನೂ ಕೊಟ್ಟೆ.

ಜುಲೈಯಲ್ಲಿ ಗೆಳೆಯನ ವೆಂಟೋದ ಹೊಸ 16 ಇಂಚಿನ ಹಗುರ ಅಲಾಯ್ ಎರಡು ವಾರ ನನ್ನ ಕಾರಿನಲ್ಲಿ ಓಡಿತು. ಓಡಿಸಲು ಮೂರರಲ್ಲಿ ಇದೇ ಮೇಲು, ನಿಜ ಹೇಳಬೇಕು. ಸ್ಟಿಯರಿಂಗ್ ಚುರುಕು, ಬ್ರೇಕ್ ಚುರುಕು. ಕೋನ್ ಬೋಲ್ಟ್ ಜೊತೆಗೇ ಬರುತ್ತದೆ. ಬೆಲೆ ಮಾತ್ರ ನನ್ನ 22 ಸಾವಿರದ ಎರಡರಷ್ಟಕ್ಕಿಂತ ಜಾಸ್ತಿ. ಇದರ ಹಬ್ ರಿಂಗ್ ಅಲ್ಯೂಮಿನಿಯಂನದ್ದು. ಎರಡೇ ವಾರದ ಮಳೆಗೆ ಅದು ಕಬ್ಬಿಣದ ಹಬ್‌ಗೆ ಕಚ್ಚಿಕೊಂಡು, ಬಿಡಿಸಲು ಮರದ ಸುತ್ತಿಗೆ ಬೇಕಾಯಿತು. ಕಡಲ ಬದಿಯಲ್ಲಿ ಇರುವವರು ಅಲ್ಲಿ ಸ್ವಲ್ಪ ಗ್ರೀಸ್ ಸವರಿಯೇ ಹಾಕಿಸಿ.

ಕಂಪನಿಯ 16ರಲ್ಲಿ ಈ ಯಾವ ತಲೆನೋವೂ ಇಲ್ಲ. ನಡುವಿನ ತೂತು 57.1, ರಿಂಗ್ ಬೇಡ. ಬೋಲ್ಟ್ ಕಾರಿನದ್ದೇ, ಸ್ಟೆಪ್ನಿಗೂ ಅದೇ. 195/55 ಟಯರ್ ಹಾಕಿದರೆ ಪಕ್ಕದ ಎತ್ತರ 107 ಮಿಲಿಮೀಟರ್, ಹಳೆಯ ಹದಿನೈದರಲ್ಲಿ 111 ಇತ್ತು. ವ್ಯಾಸ 18 ಮಿಲಿಮೀಟರ್ ಜಾಸ್ತಿಯಾದ್ದರಿಂದ ಕಾರು 9 ಮಿಲಿಮೀಟರ್ ಮೇಲೆ ಬಂದಿದೆ, ಹಂಪ್‌ಗಳಲ್ಲಿ ಅದೂ ಒಂದು ಲಾಭ. ಜಾಸ್ತಿ ತೋರಿಸುತ್ತಿದ್ದ ಸ್ಪೀಡೋಮೀಟರ್ ಈಗ ಜಿಪಿಎಸ್‌ಗೆ ಹತ್ತಿರ ಬಂದಿದೆ. ಒಂದರ ಅಂಚಿನಲ್ಲಿ ಗೀರು ಇತ್ತು, ಇನ್ನೊಂದು ಸ್ವಲ್ಪ ಬಾಗಿತ್ತು. ಬಾಗಿದ್ದನ್ನು ತಗೊಳ್ಳುವ ಮೊದಲೇ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ ನೋಡಿದ್ದೆ, ಅದಕ್ಕೇ ಬೆಲೆಯಲ್ಲಿ ಎರಡು ಸಾವಿರ ಇಳಿಯಿತು. ಹಳೆಯ ಸೆಟ್ ತಗೊಳ್ಳುವವರು ಇದನ್ನು ಬಿಡಬೇಡಿ.

ದಿನಾ ಹೆದ್ದಾರಿ, ತಿಂಗಳಿಗೊಮ್ಮೆ ಹಾಸನದ ಮಾವನ ಮನೆಗೆ ಘಾಟಿ ಹತ್ತುವ ನನಗೆ ಇದೇ ಸರಿ. ವಾರಕ್ಕೊಮ್ಮೆ ಮಾತ್ರ ಕಾರು ತೆಗೆಯುವವರು, ಖರ್ಚಿಗೆ ಹೆದರದವರು ಗೆಳೆಯನ ಸೆಟ್ ಕಡೆ ನೋಡಬಹುದು. 17 ಬೇಕೇ ಬೇಕು ಅನ್ನುವವರು ವ್ಹೀಲ್ ನೋಡುವ ಮೊದಲು ಕೋನ್ ಬೋಲ್ಟ್ ಕೈಗೆ ತಗೊಂಡು, ಆ ಮಾರ್ಕರ್ ಪರೀಕ್ಷೆ ಅಂಗಡಿಯಲ್ಲೇ ಮಾಡಿಸಿ.

ಎಷ್ಟು ಬಲದಲ್ಲಿ ಬಿಗಿಯಾಯಿತು ಅಂತ ಗೊತ್ತಾಗುವ ಒಂದು ಟಾರ್ಕ್ ವ್ರೆಂಚ್ ಕೂಡ ತಗೊಂಡೆ. ಈಗ ಯಾರೇ ಚಕ್ರ ಹಾಕಿದರೂ ಗನ್ ಬಳಸಲು ಬಿಡುವುದಿಲ್ಲ. ಕೈಯಲ್ಲಿ ಹಿಡಿಸಿ, ಒಂದು ಬಿಟ್ಟು ಒಂದರಂತೆ 120 ನ್ಯೂಟನ್ ಮೀಟರ್‌ಗೆ ನಾನೇ ಬಿಗಿ ಮಾಡುತ್ತೇನೆ. ಮರುದಿನ ಮಣಿಪಾಲಕ್ಕೆ ಹೋಗಿ ಬಂದ ಮೇಲೆ, ಅಂಗಳದಲ್ಲಿ ಚಕ್ರ ತಣ್ಣಗಾದಾಗ, 20 ಬೋಲ್ಟನ್ನೂ ಇನ್ನೊಮ್ಮೆ ನೋಡುತ್ತೇನೆ.