ಕನಕಪುರ ರಸ್ತೆಯ ಹೊಂಡ, ಮಂಚನಬೆಲೆಯ ಹಿನ್ನೀರು, ಸಕಲೇಶಪುರದ ತೋಟದ ಕೆರೆ

ಮೊದಲೇ ಹೇಳಿಬಿಡುತ್ತೇನೆ, ರಜೆಗೆಂದು ಮನೆಮಂದಿಯೆಲ್ಲ ಹೋಗಿ ತಂಗಿದ ಈ ಮೂರು ನೀರಿನ ದಡಗಳಲ್ಲಿ ನನ್ನ ಮತ ಸಕಲೇಶಪುರದ ತೋಟದ ಕೆರೆಗೆ. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್ ದೂರ, ಹೋಗಿ ಬರುವುದರಲ್ಲೇ ಒಂದು ದಿನ ಕರಗುತ್ತದೆ ಎಂದು ನಮ್ಮವರು ಈಗಲೂ ಗೊಣಗುತ್ತಾರೆ. ಗೊಣಗಲಿ. ಹತ್ತಿರದ ಎರಡು ಕಡೆ ದುಡ್ಡು ಕಳೆದುಕೊಂಡ ಮೇಲೆಯೇ ನಾನು ಈ ದೂರಕ್ಕೆ ಒಪ್ಪಿದ್ದು.

ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಮಂಡ್ಯದ ಕಡೆಯ ನಮ್ಮೂರಿನಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು. ನನ್ನ ಮಕ್ಕಳಿಬ್ಬರೂ ಕಲಿತದ್ದು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ, ಕ್ಲೋರಿನ್ ವಾಸನೆಯ ನಡುವೆ. ಒಮ್ಮೆಯಾದರೂ ಅವರ ಕಾಲಿಗೆ ಕೆರೆಯ ಕೆಸರು ತಾಗಬೇಕು, ಅಮ್ಮ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರುವಂತಿರಬೇಕು, ಪಕ್ಕದ ಕೋಣೆಯವರ ಸ್ಪೀಕರ್ ಕೇಳಿಸಬಾರದು. ಇಷ್ಟೇ.

ಕನಕಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ತೋಟದ ಮನೆಯನ್ನು ಆರಿಸಿದ್ದು ‘ಖಾಸಗಿ ಕೆರೆ’ ಎಂಬ ಎರಡು ಪದಗಳನ್ನು ನಂಬಿ. ಎರಡು ಕೋಣೆಗೆ ರಾತ್ರಿಗೆ 9,000 ರೂಪಾಯಿ, ಮೇಲೆ 3,000 ರೂಪಾಯಿ ಠೇವಣಿ. ಆಕಾಶದಿಂದ ತೆಗೆದ ಚಿತ್ರದಲ್ಲಿ ನೀಲಿ ನೀರು, ಸುತ್ತ ತೆಂಗಿನ ಮರ. ನಮ್ಮ ಕಡೆ ಕೆರೆ ಎಂದರೆ ಬಹುಮಟ್ಟಿಗೆ ಸರ್ಕಾರದ್ದು, ಊರಿನದು. ನಗರದಿಂದ ಒಂದು ಗಂಟೆಯ ದೂರದಲ್ಲಿ ಯಾರೋ ಒಬ್ಬರ ಸ್ವಂತ ಕೆರೆ ಎಲ್ಲಿಂದ ಬಂತು ಎಂದು ಆಗಲೇ ಅನುಮಾನ ಬರಬೇಕಿತ್ತು. ಗೇಟು ತೆರೆದ ಹುಡುಗ ಕೈ ತೋರಿಸಿ, “ಅದೇ ಮೇಡಂ, ಲೇಕ್” ಎಂದ. ಅದು ಕೃಷಿ ಹೊಂಡ.

ಕೃಷಿ ಹೊಂಡದ ಬಗ್ಗೆ ನನಗೆ ತಾತ್ಸಾರವಿಲ್ಲ. 2014ರ ಆಸುಪಾಸಿನಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಚಿಕ್ಕಪ್ಪನ ಹೊಲದಲ್ಲೂ ಒಂದನ್ನು ತೋಡಿದರು, ಮಳೆ ಕೈಕೊಟ್ಟ ವರ್ಷ ಅದೇ ರಾಗಿಯನ್ನು ಉಳಿಸಿತು. ಆದರೆ ಅದು ಬೆಳೆಗೆ ನೀರು ಹಿಡಿದಿಡುವ ತೊಟ್ಟಿ. ನಾಲ್ಕು ಕಡೆಯೂ ಇಳಿಜಾರು, ನೀರು ಇಂಗದಂತೆ ತಳದಿಂದ ಅಂಚಿನವರೆಗೆ ಹಾಸಿದ ಪ್ಲಾಸ್ಟಿಕ್ ಹಾಳೆ. ಕೆಲವೇ ತಿಂಗಳಲ್ಲಿ ಆ ಹಾಳೆಯ ಮೇಲೆ ಪಾಚಿ ಕಟ್ಟುತ್ತದೆ. ಒದ್ದೆಯಾದ ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿಯಲು ಹುಲ್ಲಿನ ಗರಿಯೂ ಇರುವುದಿಲ್ಲ. ಚೆನ್ನಾಗಿ ಈಜು ಬಲ್ಲವರು ಸಹ ಅದಕ್ಕೆ ಬಿದ್ದರೆ ಹತ್ತಿ ಬರಲಾರರು. ಹೊಂಡದಲ್ಲಿ ಮುಳುಗಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಒಬ್ಬರನ್ನು ಎಳೆಯಲು ಹೋಗಿ ಇನ್ನೊಬ್ಬರು.

ಇವರು ಅದಕ್ಕೆ ಹಂಸದ ಆಕಾರದ ಒಂದು ಪೆಡಲ್ ದೋಣಿ ಬಿಟ್ಟಿದ್ದರು. ಹತ್ತು ಸಲ ಪೆಡಲ್ ತುಳಿದರೆ ಆಚೆ ದಡ, ತಿರುಗಿಸಿ ಹತ್ತು ಸಲ ತುಳಿದರೆ ಈಚೆ ದಡ. ಮೂತಿ ಅಂಚಿಗೆ ತಾಗಿದಾಗಲೆಲ್ಲ ಆ ಹುಡುಗ, “ಹಾಳೆ ಹರಿಯುತ್ತದೆ, ಹಾಳೆ ಹರಿಯುತ್ತದೆ” ಎಂದು ಕೂಗುತ್ತಿದ್ದ. ದೋಣಿಯಿಂದ ಇಳಿಯುವಾಗ ಹನ್ನೊಂದು ವರ್ಷದ ನನ್ನ ಮಗ ಜಾರಿದ. ಲೈಫ್ ಜಾಕೆಟ್ ಇದ್ದುದರಿಂದ ಮುಳುಗಲಿಲ್ಲ. ಆದರೆ ಮೇಲೆ ಬರಲು ಕಾಲು ಆಡಿಸಿದಷ್ಟೂ ಇದ್ದಲ್ಲೇ ಇದ್ದ. ಈಜು ಬರುತ್ತದೆಂಬ ಧೈರ್ಯದಿಂದ ನಾನು ಒಂದು ಹೆಜ್ಜೆ ಇಳಿದೆ, ಸೊಂಟದವರೆಗೆ ಜಾರಿ ಹೋದೆ. ಕೊನೆಗೆ ನಮ್ಮವರು ಬಟ್ಟೆ ಒಣಹಾಕಿದ್ದ ನೈಲಾನ್ ಹಗ್ಗವನ್ನು ಕಿತ್ತು ತಂದು, ತೆಂಗಿನ ಮರಕ್ಕೆ ಸುತ್ತಿ, ನಮ್ಮಿಬ್ಬರನ್ನೂ ಎಳೆದುಕೊಂಡರು. ಅಂಗೈ ಸುಲಿದದ್ದು ವಾಸಿಯಾಗಲು ವಾರ ಹಿಡಿಯಿತು.

ಚಿಕ್ಕಪ್ಪನ ಹೊಂಡದ ಸುತ್ತ ತಂತಿ ಬೇಲಿ ಇದೆ. ನಾಲ್ಕು ಮೂಲೆಯಲ್ಲೂ ಗಂಟು ಹಾಕಿದ ಹಗ್ಗಕ್ಕೆ ಹಳೆಯ ಟೈರು ಕಟ್ಟಿ ಇಳಿಬಿಟ್ಟಿದ್ದಾರೆ. ಇಲ್ಲಿ ಅದೇಕಿಲ್ಲ ಎಂದು ಕೇಳಿದರೆ, ಬೇಲಿ ಇತ್ತಂತೆ, ಫೋಟೊಗೆ ಚೆನ್ನಾಗಿ ಕಾಣುವುದಿಲ್ಲವೆಂದು ಮಾಲೀಕರು ತೆಗೆಸಿದರಂತೆ. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಆರಕ್ಕೇ ಹೊರಟುಬಿಟ್ಟೆವು.

ಎರಡನೆಯದು ಮಂಚನಬೆಲೆ. ಅರ್ಕಾವತಿಗೆ ಕಟ್ಟಿದ ಜಲಾಶಯ, ನಗರದಿಂದ ಸುಮಾರು 40 ಕಿಲೋಮೀಟರ್, ದಾರಿಯಲ್ಲಿ ದೊಡ್ಡ ಆಲದ ಮರ. ನೋಟದ ಮಾತಿಗೆ ಬಂದರೆ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ: ಬೆಳಗಿನ ಮಂಜು ಸರಿದಂತೆ ಸಾವನದುರ್ಗದ ಬೋಳು ಬಂಡೆ ಮೇಲೇಳುತ್ತದೆ. ಹಿನ್ನೀರಿನ ಬಳಿಯ ಶಿಬಿರದಲ್ಲಿ ತಲೆಗೆ 1,800 ರೂಪಾಯಿ, ಊಟ ಸೇರಿ. ಹರಿಗೋಲಿನಲ್ಲಿ ಇಪ್ಪತ್ತು ನಿಮಿಷ ಸುತ್ತಿಸಿದರು, ಮಕ್ಕಳು ನಕ್ಕರು.

ಆದರೆ ನೀರಿಗೆ ಇಳಿಯುವಂತಿಲ್ಲ. ಅಲ್ಲಿ ಈಜು ನಿಷೇಧ. ಮುಳುಗಿ ಜೀವ ಕಳೆದುಕೊಂಡವರು ಒಬ್ಬಿಬ್ಬರಲ್ಲವಾದ್ದರಿಂದ ಎಚ್ಚರಿಕೆಯ ಫಲಕ ಹಾಕಿದ್ದಾರೆ. ಶಿಬಿರದವರು, “ನಮ್ಮ ಕಡೆ ಏನೂ ಆಗುವುದಿಲ್ಲ, ಇಳಿಯಿರಿ” ಎಂದರು. ಹೊಂಡದ ಅನುಭವ ಹಸಿಯಾಗಿತ್ತು, ಇಳಿಯಲಿಲ್ಲ. ಟೆಂಟಿನಲ್ಲಿ ಅಮ್ಮನ ಮಂಡಿಗೆ ಏಳಲು ಕೂರಲು ಆಗಲಿಲ್ಲ. ರಾತ್ರಿ ಎರಡರವರೆಗೆ ಯಾವುದೋ ಕಚೇರಿಯ ತಂಡದ ಸ್ಪೀಕರ್.

ಸಕಲೇಶಪುರದ ತೋಟದ ಕೆರೆ ನಿಜಕ್ಕೂ ಖಾಸಗಿ. ಎರಡು ಗುಡ್ಡಗಳ ನಡುವಿನ ತಗ್ಗಿಗೆ ಮಣ್ಣಿನ ಏರಿ ಹಾಕಿ ತೋಟದವರೇ ಕಟ್ಟಿಕೊಂಡದ್ದು. ಒಂದು ಬದಿ ಆಳ, ಇನ್ನೊಂದು ಬದಿ ಹೆಜ್ಜೆ ಹೆಜ್ಜೆಗೆ ಆಳವಾಗುತ್ತ ಹೋಗುವ ಮಣ್ಣಿನ ದಡ, ಕೆಸರು, ಹುಲ್ಲು. ತೋಟದ ಗೌಡರು ಮೊದಲ ದಿನವೇ ಮಕ್ಕಳನ್ನು ಕರೆದೊಯ್ದು ಒಂದು ಬಿದಿರಿನ ಗಳು ತೋರಿಸಿ, “ಇದರಾಚೆ ಹೋದರೆ ನಾಳೆಯಿಂದ ನೀರೂ ಇಲ್ಲ, ಕಡುಬೂ ಇಲ್ಲ” ಎಂದರು. ಲಾರಿಯ ಟ್ಯೂಬು, ಉದ್ದನೆಯ ಹಗ್ಗ, ದಡದಲ್ಲಿ ಕಾವಲಿಗೆ ಒಬ್ಬ ಆಳು. ಮಗಳು ಮೊದಲ ಸಲ ಕೆಸರಿನಲ್ಲಿ ಕಾಲಿಟ್ಟು ಕಿರುಚಿದಳು, ಹತ್ತು ನಿಮಿಷದ ಮೇಲೆ ಅವಳನ್ನು ಮೇಲೆ ಕರೆತರುವುದೇ ಕಷ್ಟವಾಯಿತು.

ಕೊರತೆ ಇಲ್ಲವೆಂದಲ್ಲ. ಮೊದಲು ಹೋದದ್ದು ಮಾರ್ಚಿನಲ್ಲಿ. ಕಾಫಿ ಹೂವು ಅರಳಬೇಕಾದರೆ ಆ ಹೊತ್ತಿಗೆ ಒಂದು ಹದ ಮಳೆ ಬೇಕು. ಮಳೆ ಬರದಿದ್ದರೆ ಕೆರೆಯ ನೀರನ್ನೇ ಸ್ಪ್ರಿಂಕ್ಲರಿಗೆ ಹರಿಸುತ್ತಾರೆ, ತೋಟದವರು ಕೆರೆ ಕಟ್ಟಿದ್ದೇ ಅದಕ್ಕೆ. ರಾತ್ರಿಯಿಡೀ ಪಂಪಿನ ಸದ್ದು, ಮೂರನೆಯ ದಿನ ದೋಣಿ ಕೆಸರಿನ ಮೇಲೆ ಒರಗಿತ್ತು. ಹೂವಿನ ಪರಿಮಳ ಮಾತ್ರ ಮಲ್ಲಿಗೆಯನ್ನೂ ಮೀರಿಸುವಂತಿತ್ತು. ಮುಂದಿನ ಸಲ ಡಿಸೆಂಬರಿನಲ್ಲಿ ಹೋದೆವು: ತುಂಬು ಕೆರೆ, ಕಣದಲ್ಲಿ ಹರಡಿದ ಕಾಫಿ ಹಣ್ಣು, ಹಲ್ಲು ಕಡಿಯುವಷ್ಟು ತಣ್ಣನೆಯ ನೀರು. ಮಳೆಗಾಲದಲ್ಲಿ ಇಂಬಳದ ಕಾಟ, ಬೇಡ. ಸಂಜೆ ಆರರ ಮೇಲೆ ಯಾರೂ ಅಂಗಳ ದಾಟುವಂತಿಲ್ಲ, ಆನೆಗಳು ಓಡಾಡುವ ಸೀಮೆ. ಒಂದು ಬೆಳಿಗ್ಗೆ ದಡದಲ್ಲಿ ತಟ್ಟೆಯಗಲದ ಹೆಜ್ಜೆ ಗುರುತು ನೋಡಿ ಅಮ್ಮ, “ಖಾಸಗಿ ಅಂದರಲ್ಲ, ಇವರು ಯಾರ ಕಡೆಯವರು?” ಎಂದು ಕೇಳಿದಳು.

ತಲೆಗೆ ದಿನಕ್ಕೆ 2,500 ರೂಪಾಯಿ, ಮಕ್ಕಳಿಗೆ ಅರ್ಧ. ಅಕ್ಕಿ ರೊಟ್ಟಿ, ಕಡುಬು, ಒತ್ತು ಶ್ಯಾವಿಗೆ ಕಾಯಿಹಾಲು ಎಲ್ಲವೂ ಅದರೊಳಗೇ. ಪೆಟ್ರೋಲು ಸೇರಿಸಿದರೆ ಎರಡು ರಾತ್ರಿಗೆ ಹೊಂಡದ ಮನೆಗಿಂತ ಹೆಚ್ಚೇ ಆಗುತ್ತದೆ. ವರ್ಷಕ್ಕೆ ಎರಡು ಸಲ ಹೋಗುತ್ತಿದ್ದವರು ಈಗ ಒಂದೇ ಸಲ ಹೋಗುತ್ತೇವೆ, ಲೆಕ್ಕ ಸರಿಹೋಗುತ್ತದೆ. ಪ್ರತಿ ಶನಿವಾರ ಊರು ಬಿಡಲೇಬೇಕು ಎನ್ನುವವರಿಗೆ, ಈಜಿನ ಗೀಳಿಲ್ಲದವರಿಗೆ ಮಂಚನಬೆಲೆ ಸಾಕು. ಟೆಂಟು ಬಿಟ್ಟು ಕೋಣೆ ಕೇಳಿ.

ಹತ್ತಿರದಲ್ಲೇ ‘ಖಾಸಗಿ ಕೆರೆ’ ಬೇಕೆಂದರೆ ಮುಂಗಡ ಕಟ್ಟುವ ಮೊದಲು ದಡದ ಫೋಟೊ ಕಳಿಸಲು ಹೇಳಿ, ಆಕಾಶದಿಂದ ತೆಗೆದದ್ದಲ್ಲ, ನಿಂತು ತೆಗೆದದ್ದು. ಕಪ್ಪು ಹಾಳೆಯ ಅಂಚು ಕಂಡರೆ ಫೋನ್ ಇಟ್ಟುಬಿಡಿ. ನನ್ನ 3,000 ರೂಪಾಯಿ ಠೇವಣಿ ಇನ್ನೂ ವಾಪಸು ಬಂದಿಲ್ಲ. ಪೆಡಲ್ ದೋಣಿಯಿಂದ ಹಾಳೆ ಹರಿದಿದೆಯಂತೆ.