ಹುಳುಮನೆಯ ಬಾಯ್ಲರ್, ತೋಟದ ಗಿರಿರಾಜ: ಎರಡನ್ನೂ ಸಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೋಟದಲ್ಲಿ ಮೇಯುವ ಗಿರಿರಾಜ ಕೋಳಿಗೆ. ಯಾಕೆ ಅಂದರೆ, ಬಾಯ್ಲರ್ (ಬ್ರಾಯ್ಲರ್) ಕೋಳಿ ಸಾಕಿದ ವರ್ಷ ಶ್ರಾವಣದಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು.

ನಮ್ಮೂರು ಮಾಗಡಿ ಕಡೆ. ರೇಷ್ಮೆ ಹುಳು ಸಾಕೋದು ಬಿಟ್ಟ ಮೇಲೆ ಅದರ ಹುಳುಮನೆ ಸುಮ್ನೆ ಬಿದ್ದಿತ್ತು. 20 ಅಡಿ ಉದ್ದ, 15 ಅಡಿ ಅಗಲ. ಬಾಯ್ಲರ್‌ಗೆ ಒಂದಕ್ಕೆ ಒಂದು ಚದರಡಿ ಜಾಗ ಸಾಕು ಅಂತಾರೆ. ನೆಲಕ್ಕೆ ಭತ್ತದ ಹೊಟ್ಟು ಹರಡಿ, ಬಲ್ಬು ಇಳಿಬಿಟ್ಟು, ಆಷಾಢ ಶುರುವಾಗುವ ಹತ್ತು ದಿನ ಮುಂಚೆ 200 ಮರಿ ಬಿಟ್ಟೆ. ಕ್ಯಾಲೆಂಡರ್ ನೋಡಲಿಲ್ಲ. ಅದೇ ತಪ್ಪು.

ಮರಿಗಳು ಚೆನ್ನಾಗೇ ಬೆಳೆದವು. 40ನೇ ದಿನ ತೂಕ ಹಾಕಿದರೆ ಒಂದೊಂದೂ ಎರಡು ಕೆಜಿ. ಖುಷಿಯಿಂದ ಅಂಗಡಿಗೆ ಫೋನ್ ಮಾಡಿದೆ. "ಶ್ರಾವಣ ಬಂತಲ್ಲ ಅಣ್ಣ, ಬೇಕಾದರೆ ಹತ್ತು ಕಳಿಸಿ" ಅಂದರು. ಇನ್ನೊಂದು ಅಂಗಡಿಯವರು ಹೇಳಿದ ರೇಟಿಗೆ ಮೇವಿನ ದುಡ್ಡೂ ಹುಟ್ಟುತ್ತಿರಲಿಲ್ಲ. ಆಯ್ತು, ನಾಲ್ಕು ದಿನ ಕಾಯೋಣ ಅಂದುಕೊಂಡೆ. ಬಾಯ್ಲರ್ ಸಾಕಿದವನು ಕಾಯೋ ಹಾಗಿಲ್ಲ ಅಂತ ಆಗ ಗೊತ್ತಾಯಿತು. ಆ ವಯಸ್ಸಿಗೆ ಒಂದು ಕೋಳಿ ದಿನಕ್ಕೆ ಹೆಚ್ಚುಕಮ್ಮಿ 180 ಗ್ರಾಂ ತಿನ್ನುತ್ತದೆ. 200 ಕೋಳಿಗೆ ಲೆಕ್ಕ ಹಾಕಿ, 36 ಕೆಜಿ. 50 ಕೆಜಿ ಮೂಟೆಯಲ್ಲಿ ಮುಕ್ಕಾಲು ಪಾಲು ದಿನಾ ಖಾಲಿ. ತಿಂದಿದ್ದಕ್ಕೆ ತಕ್ಕ ತೂಕ ಬರೋದು ಮಾತ್ರ ದಿನದಿಂದ ದಿನಕ್ಕೆ ಕಮ್ಮಿ. ಹಾಗಂತ ಮೇವು ನಿಲ್ಲಿಸೋಕೂ ಆಗಲ್ಲ. ಕೆಲವು ಮೈ ಭಾರ ತಾಳಲಾರದೆ ಕಾಲು ಚಾಚಿ ಕೂತೇ ಇದ್ದವು. ಅವನ್ನು ಎತ್ತಿ ನೀರಿನ ಹತ್ತಿರ ಇಡಬೇಕಾಗಿತ್ತು. ರಾತ್ರಿ ಕರೆಂಟ್ ಹೋದರೆ ಫ್ಯಾನ್ ನಿಂತು ಎಲ್ಲವೂ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ನಾನು ರಟ್ಟು ಹಿಡಿದು ಗಾಳಿ ಬೀಸುತ್ತಾ ನಿಂತಿದ್ದೆ. ಇನ್ನೂರು ಕೋಳಿಗೆ ಒಬ್ಬ ಬೀಸಿದರೆ ಏನಾದೀತು? ಕೊನೆಯ ಕೋಳಿ ಹೋಗುವಷ್ಟರಲ್ಲಿ 11 ದಿನ ಆಗಿತ್ತು. ಲಾಭ ಬಿಡಿ, ಮರಿಯ ದುಡ್ಡೂ ಪೂರ್ತಿ ವಾಪಸ್ ಬರಲಿಲ್ಲ.

ಮುಂದಿನ ಸಲ 100 ಗಿರಿರಾಜ ಮರಿ ತಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ ಇದು. ಹಿತ್ತಲಲ್ಲಿ ಮೇಯಲಿ ಅಂತಲೇ ಮಾಡಿದ್ದು. ಮೊದಲ ತಿಂಗಳು ಇವಕ್ಕೂ ಬಲ್ಬಿನ ಕಾವು ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಲಸಿಕೆಯೂ ಅಷ್ಟೇ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರ ಒಂದು, ನಾಲ್ಕನೇ ವಾರ ಇನ್ನೊಂದು, ನಡುವೆ ಗುಂಬೋರೋ ಅನ್ನೋ ಇನ್ನೊಂದು ಕೋಳಿ ರೋಗಕ್ಕೆ ಒಂದು. ಆರನೇ ವಾರ ಮಾವಿನ ತೋಟಕ್ಕೆ ಬಿಟ್ಟೆ.

ಅಲ್ಲಿಂದಾಚೆ ಮೇವಿನ ಮೂಟೆ ನಿಧಾನಕ್ಕೆ ಖಾಲಿಯಾಗತೊಡಗಿತು. ಬೆಳಗ್ಗೆ ಒಂದಿಷ್ಟು ರಾಗಿ ಎರಚುತ್ತೇನೆ, ಸಂಜೆ ನುಚ್ಚು ಹಾಕುತ್ತೇನೆ. ಒಡೆದ ಮಡಕೆಗೆ ಹುಲ್ಲು, ಸಗಣಿ, ಹಳೇ ಗೋಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲು ಇರುವ ಕಡೆ ಬೋರಲು ಹಾಕುತ್ತೇನೆ. ಮಾರನೇ ದಿನ ಎತ್ತಿ ಕೊಡವಿದರೆ ಗೆದ್ದಲು ಉದುರುತ್ತದೆ. ಮಡಕೆ ಕೈಗೆತ್ತಿದ ಸದ್ದಿಗೇ ತೋಟದ ಆ ಮೂಲೆಯಿಂದ ಓಡಿ ಬರುತ್ತವೆ.

ಮುಂಗುಸಿ ನಾಲ್ಕು ತಿಂದಿತು, ಹದ್ದು ಎರಡು. ಬೇಲಿಗೆ ಬಲೆ ಕಟ್ಟಿದ ಮೇಲೆ ಮುಂಗುಸಿ ಕಾಟ ಕಮ್ಮಿಯಾಯಿತು.

ನನ್ನ ತಲೆ ಕೆಡಿಸಿದ್ದು ಬೇರೆ. ತೋಟದ ಕೋಳಿ ಕೈಗೆ ಸಿಗಲ್ಲ! ಭಾನುವಾರ ಹನ್ನೊಂದು ಗಂಟೆಗೆ ಗಿರಾಕಿ ಕಾರಲ್ಲಿ ಬಂದು "ಆ ಕೆಂಪು ಹುಂಜ ಕೊಡಿ" ಅಂತಾರೆ. ನಾನು ಓಡುತ್ತೇನೆ, ನನ್ನ ಮಗ ಓಡುತ್ತಾನೆ, ಕಡೆಗೆ ಗಿರಾಕಿಯೂ ಪಂಚೆ ಎತ್ತಿ ಕಟ್ಟುತ್ತಾರೆ. ಗಿರಿರಾಜ ಭಾರದ ಕೋಳಿ, ಹಾರಲ್ಲ ಅಂತ ಯಾರೋ ಹೇಳಿದ್ದರು. ಹಾರದಿದ್ದರೆ ಏನು, ಲಂಟಾನದ ಪೊದೆಯೊಳಗೆ ನುಗ್ಗಿದರೆ ಮುಗಿಯಿತು. ಒಂದು ಸಲ ಅರ್ಧ ಗಂಟೆ ಅಟ್ಟಾಡಿಸಿ ಹಿಡಿದ ಹುಂಜ ಚೀಲದೊಳಗೇ ಸತ್ತಿತು. ಗಿರಾಕಿ ಬೇಡ ಅಂದರು. ಅವರದೇನೂ ತಪ್ಪಿಲ್ಲ. ನಾಯಿ ಅಟ್ಟಿದರೂ ಇಷ್ಟು ನಷ್ಟ ಆಗುತ್ತಿರಲಿಲ್ಲವೇನೋ ಅನ್ನಿಸಿತು.

"ಕತ್ತಲಾದ ಮೇಲೆ ಹಿಡಿಯೋದು ಬಿಟ್ಟು ಹಗಲಲ್ಲಿ ಯಾಕೋ ಕುಣೀತೀಯ?" ಅಂತ ಅಮ್ಮ ಬೈದಳು. ಅವಳು ಹೇಳಿದ್ದು ಸರಿ. ಗೂಡಿಗೆ ಸೇರಿದ ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣಲ್ಲ. ಎರಡೂ ರೆಕ್ಕೆ ಒತ್ತಿ ಎತ್ತಿದರೆ ಕೊಕ್ ಅಂತಲೂ ಅನ್ನಲ್ಲ. ಈಗ ಶನಿವಾರ ರಾತ್ರಿಯೇ ಬೇಕಾದಷ್ಟು ಹಿಡಿದು ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರುತ್ತೇನೆ. ಹೇಳದೆ ಬಂದವರಿಗೆ ಕೋಳಿ ಇಲ್ಲ.

ಬಾಯ್ಲರ್‌ನಲ್ಲಿ ಈ ತಾಪತ್ರಯ ಇಲ್ಲ, ಅದನ್ನು ಒಪ್ಪಲೇಬೇಕು. ಬಗ್ಗಿ ಎತ್ತಿಕೊಂಡರೆ ಆಯ್ತು.

ತೂಕದಲ್ಲೂ ಬಾಯ್ಲರ್ರೇ ಮುಂದು. ನನ್ನ ಹುಂಜಗಳು ಎರಡೂವರೆ ಕೆಜಿ ಬರಲು ನಾಲ್ಕೂವರೆ ತಿಂಗಳು ಬೇಕಾಯಿತು. ಸಾರಿನ ವಿಷಯ ಕೇಳಬೇಡಿ. ಬಾಯ್ಲರ್ ಸಾರಿಗೆ ಮುದ್ದೆ ನೆಂಚಿಕೊಂಡು ನಮ್ಮಮ್ಮ ಮುಖ ಕಿವುಚುತ್ತಾಳೆ. ಗಿರಿರಾಜಕ್ಕೆ ಕುಕ್ಕರ್ ಮೂರು ಕೂಗು ಜಾಸ್ತಿ ಕೂಗಬೇಕು, ಅಷ್ಟೇ. ಕೆಲವರು ಇದನ್ನೇ ನಾಟಿ ಅಂತ ಮಾರುತ್ತಾರೆ. ನಾನು ಗಿರಿರಾಜ ಅಂತಲೇ ಹೇಳುತ್ತೇನೆ, ರೇಟೂ ನಾಟಿಗಿಂತ ಕಮ್ಮಿ.

ಸಾವಿರಗಟ್ಟಲೆ ಕೋಳಿ ಹಿಡಿಯುವ ಶೆಡ್ಡು, ಜನರೇಟರ್, ಹಗಲೂರಾತ್ರಿ ನೋಡಿಕೊಳ್ಳೋಕೆ ಆಳು ಇದ್ದವರು ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಬಾಯ್ಲರ್ ಸಾಕಲಿ. ಮರಿ, ಮೇವು, ಔಷಧಿ ಅವರದು, ಸಾಕಿದ್ದಕ್ಕೆ ಕೆಜಿ ಲೆಕ್ಕದಲ್ಲಿ ದುಡ್ಡು. ಮಾರೋ ತಲೆನೋವೂ ಅವರದೇ. ನಾನು ಹಗಲು ಕೆಲಸಕ್ಕೆ ಪೇಟೆಗೆ ಹೋಗುವವನು. ಮನೆಯಲ್ಲಿ ಸಿಗೋದು ಬೆಳಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ. ಇಷ್ಟರಲ್ಲಿ ಆಗೋದು ತೋಟದ ಕೋಳಿ ಮಾತ್ರ. ರೇಟು ಬಿದ್ದರೆ ಒಂದು ತಿಂಗಳು ಹೆಚ್ಚಿಗೆ ಮೇಯಲಿ, ನನಗೇನೂ ಅವಸರ ಇಲ್ಲ.

ಈಗ ಮರಿ ತರೋದು ದೀಪಾವಳಿ ಆದ ವಾರ. ಯುಗಾದಿ ಹೊತ್ತಿಗೆ ಸರಿಯಾಗಿ ಹದಕ್ಕೆ ಬರುತ್ತವೆ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಹೋದ ಸಲ 38 ಹೋದವು. ಹಿಂದಿನ ರಾತ್ರಿ ಟಾರ್ಚ್ ಹಿಡಿಯೋಕೆ ಮಗ, ಮಂಕರಿ ಹಿಡಿಯೋಕೆ ಅಮ್ಮ. ಎಲ್ಲ ಹಿಡಿದು ಮುಗಿಸುವಷ್ಟರಲ್ಲಿ ಒಂದು ಗಂಟೆ. ಆ ಕೆಂಪು ಹುಂಜ ಮಾತ್ರ ಅವತ್ತು ಗೂಡಿಗೆ ಬಂದಿರಲಿಲ್ಲ.