ಜನನಾಂಗದ ಗುಳ್ಳೆಗೆ ಸ್ಟೀರಾಯ್ಡ್: ಮುಲಾಮೋ, ಕ್ರೀಮೋ, ಯೋನಿ ಗುಳಿಗೆಯೋ?

ದೇಹದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆರಗಿ ಗುಳ್ಳೆ ಎಬ್ಬಿಸುವ ಕಾಯಿಲೆಗಳಾದ ಪೆಂಫಿಗಸ್ ಅಥವಾ ಪೆಂಫಿಗಾಯ್ಡ್‌ನ ಗುಳ್ಳೆ ಒಡೆದು ಚರ್ಮ ಹಸಿಯಾಗಿರುವಾಗ ಮೊದಲು ನೋಡಬೇಕಾದ್ದು ಉರಿ. ಕ್ರೀಮಿನಲ್ಲಿರುವ ಸಂರಕ್ಷಕಗಳು ಚುರ್ರೆನಿಸುತ್ತವೆ. ಜಿಡ್ಡಿನ ಮುಲಾಮು ಅಷ್ಟು ಉರಿಸದು, ಮೂತ್ರ ತಾಗದಂತೆ ತೆರೆಯೂ ಆಗುತ್ತದೆ. ಒಳಉಡುಪಿಗೆ ಅಂಟುವುದು ನಿಜ, ಆದರೆ ತೆಳುವಾಗಿ ಹಚ್ಚಿದರೆ ಸಾಕು. ಹುಣ್ಣು ಮಾಗಿದ ಮೇಲೆ, ಅಂಟು ಸಹಿಸದವರಿಗೆ ಕ್ರೀಮ್ ಆದೀತು.

ಇವೆರಡೂ ಹೊರಭಾಗಕ್ಕೆ. ಸಂಭೋಗದಲ್ಲಿ ನೋವು, ರಕ್ತಮಿಶ್ರಿತ ಸ್ರಾವ ಇದ್ದರೆ ಹುಣ್ಣು ಯೋನಿಯೊಳಗೂ ಇರಬಹುದು. ಪರೀಕ್ಷೆಯಲ್ಲಿ ಅದು ಖಚಿತವಾದರೆ ಒಳಗಿಡುವ ಹೈಡ್ರೋಕಾರ್ಟಿಸೋನ್ ಗುಳಿಗೆ ಬೇಕಾಗುತ್ತದೆ. ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್ (ಲೋಳೆಪೊರೆಗಳನ್ನು ಕಾಡುವ ಬಗೆ) ಆದರಂತೂ ತಡ ಸಲ್ಲದು: ಅದು ಕಲೆಗಟ್ಟಿ, ಯೋನಿಯ ತುಟಿಗಳನ್ನು ಬೆಸೆದು ದ್ವಾರವನ್ನೇ ಕಿರಿದಾಗಿಸಬಲ್ಲದು. ಪೆಂಫಿಗಸ್ ಸಾಮಾನ್ಯವಾಗಿ ಕಲೆಯಿಲ್ಲದೆ ಮಾಗುತ್ತದೆ.

ಮುಲಾಮು, ಕ್ರೀಮ್, ಗುಳಿಗೆ ಮೂರರಲ್ಲೂ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿನ ಭಯವಿದೆ. ಮಾಗುತ್ತಿದ್ದ ಜಾಗ ಮತ್ತೆ ತುರಿಸತೊಡಗಿದರೆ, ಮದ್ದು ಹೆಚ್ಚಿಸುವ ಮುನ್ನ ಸ್ವಾಬ್ ಪರೀಕ್ಷೆ (ಹತ್ತಿಕಡ್ಡಿಯಿಂದ ಮಾದರಿ ತೆಗೆದು ನೋಡುವುದು) ಮಾಡಿಸಿ.